ಅಡ್ವಾನ್ಸ್ ದುಡ್ಡಿಗೆ ನಾನೇ ಹೂಡಿದ ದಾವೆ

ವಕೀಲರನ್ನು ಇಟ್ಟುಕೊಳ್ಳದೆ ಕೇಸು ನಡೆಸಿದೆ ಅಂದರೆ ಜನ ನನ್ನನ್ನು ಎರಡು ತರ ನೋಡುತ್ತಾರೆ. ಕೆಲವರಿಗೆ ನಾನು ಭಾರಿ ಗಟ್ಟಿಗಿತ್ತಿ. ಇನ್ನು ಕೆಲವರಿಗೆ ಫೀಸು ಉಳಿಸಲು ಹೊರಟ ಜಿಪುಣಿ. ಎರಡನೆಯವರ ಮಾತೇ ನಿಜಕ್ಕೆ ಹತ್ತಿರ.

ನಮ್ಮದು ಬಯಲುಸೀಮೆಯ ಒಂದು ತಾಲೂಕು ಕೇಂದ್ರ. ಬಸ್ ಸ್ಟ್ಯಾಂಡ್ ಹತ್ತಿರ ಮಳಿಗೆ ಹಿಡಿದು ಬ್ಲೌಸು, ಚೂಡಿದಾರ್ ಹೊಲಿಯುತ್ತಿದ್ದೆ. ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಒಂದೂವರೆ ಲಕ್ಷ. ಅದರಲ್ಲಿ ಒಂದು ಲಕ್ಷ ಚೆಕ್, ಐವತ್ತು ಸಾವಿರ ನಗದು. 2017ರ ಶುರುವಿನಲ್ಲಿ ಅಂಗಡಿ ಖಾಲಿ ಮಾಡಿ ಕೀ ಕೊಟ್ಟೆ. ದುಡ್ಡು ಮುಂದಿನ ತಿಂಗಳು ಕೊಡ್ತೀನಿ ಅಂದರು. ಆ ಮುಂದಿನ ತಿಂಗಳು ಬರಲೇ ಇಲ್ಲ. ಆಮೇಲಾಮೇಲೆ ಫೋನ್ ಎತ್ತುವುದನ್ನೂ ಬಿಟ್ಟರು. ಪೊಲೀಸ್ ಠಾಣೆಗೆ ಹೋದರೆ, "ಇದು ಸಿವಿಲ್ ಮ್ಯಾಟರ್ ಅಮ್ಮಾ, ಕೋರ್ಟಿಗೆ ಹೋಗಿ" ಅಂದರು. ಅದು ಸರಿಯಾದ ಮಾತೇ.

ವಿಚಾರಿಸಿದ ವಕೀಲರು ಕೇಳಿದ ಫೀಸು ಅನ್ಯಾಯದ್ದೇನೂ ಅಲ್ಲ. ವರ್ಷಗಟ್ಟಲೆ ನಡೆಯುವ ಕೆಲಸ, ಅವರೂ ಬದುಕಬೇಕಲ್ವಾ? ಆದರೆ ಫೀಸು, ಅದರ ಮೇಲೆ ಕೋರ್ಟ್ ಫೀ, ಓಡಾಟ ಎಲ್ಲ ಲೆಕ್ಕ ಹಾಕಿದರೆ ಒಂದೂವರೆ ಲಕ್ಷದಲ್ಲಿ ನನ್ನ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ನಾನೇ ನಿಂತರೆ ಆಗಲ್ವಾ ಅಂತ ಆಗಲೇ ಅನ್ನಿಸಿದ್ದು.

ಆಗುತ್ತದೆ. ಸಿವಿಲ್ ಕೋರ್ಟುಗಳು ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇಲೆ. ಎಲ್ಲರ ಬಾಯಲ್ಲಿ ಅದು ಸಿಪಿಸಿ. ಅದರ 3ನೇ ಆದೇಶದ ಮೊದಲ ನಿಯಮದ ಪ್ರಕಾರ ಕಕ್ಷಿದಾರರು ಖುದ್ದಾಗಿ ಕೋರ್ಟಿನ ಮುಂದೆ ನಿಲ್ಲಬಹುದು. ಯಾರ ದಯೆಯೂ ಬೇಕಿಲ್ಲ. ಒಂದೇ ಮಿತಿ, ನಿಮ್ಮ ಕೇಸಿಗೆ ಮಾತ್ರ ನೀವು. "ನೀನ್ಯಾಕೆ ಹೋಗ್ತೀಯ, ನಿನ್ನ ಪರವಾಗಿ ನಾನೇ ಮಾತಾಡ್ತೀನಿ ಬಿಡು" ಅಂದ ನನ್ನ ಯಜಮಾನರಿಗೆ ಆ ಹಕ್ಕಿಲ್ಲ. ಅವರು ಸಾಕ್ಷಿ ಹೇಳಬಹುದು, ಕಾಗದ ಹಿಡಿದು ಜೊತೆಗೆ ಕೂರಬಹುದು. ಬೇರೆಯವರ ಪರ ವಾದ ಮಾಡುವುದು ವಕೀಲರ ಕೆಲಸ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತೇ ಇಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಕೂಡ ಉಂಟು. ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯ ಕೋಣೆ ಇರುತ್ತದೆ. ನಾನು ಅಲ್ಲಿಂದ ವಕೀಲರನ್ನು ತೆಗೆದುಕೊಳ್ಳಲಿಲ್ಲ, ಕರಡು ಮಾತ್ರ ತೋರಿಸಿದೆ. ಅಷ್ಟೊತ್ತಿಗೆ ನಾನೇ ಮಾಡಬೇಕು ಅನ್ನುವ ಹಟ ಬಂದುಬಿಟ್ಟಿತ್ತು.

ಮೊದಲು ರಿಜಿಸ್ಟರ್ಡ್ ಎ.ಡಿ. ಅಂಚೆಯಲ್ಲಿ, ಅಂದರೆ ಮುಟ್ಟಿದ್ದಕ್ಕೆ ಸಹಿ ಮಾಡಿದ ಕಾರ್ಡ್ ನಮಗೆ ವಾಪಸ್ ಬರುವ ಅಂಚೆಯಲ್ಲಿ, ಒಂದು ನೋಟಿಸ್ ಕಳಿಸಿದೆ. ಖಾಸಗಿಯವರ ಮೇಲೆ ಇಂಥ ದಾವೆಗೆ ನೋಟಿಸ್ ಕಡ್ಡಾಯವೇನಲ್ಲ. ಸರ್ಕಾರದ ಮೇಲಾದರೆ ಸಿಪಿಸಿಯ 80ನೇ ಕಲಮಿನ ಪ್ರಕಾರ ಎರಡು ತಿಂಗಳು ಮೊದಲೇ ಕೊಡಬೇಕು. ಆದರೂ ಕಳಿಸಿದ್ದು ಒಳ್ಳೆಯದೇ ಆಯಿತು. ಉತ್ತರ ಬರಲಿಲ್ಲ, ಸಹಿ ಬಿದ್ದ ಎ.ಡಿ. ಕಾರ್ಡ್ ಮಾತ್ರ ವಾಪಸ್ ಬಂತು. ಆ ಕಾರ್ಡಿನ ಬೆಲೆ ಆಮೇಲೆ ಗೊತ್ತಾಯಿತು.

ದಾವಾ ಅರ್ಜಿ ಬರೆಯುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ತಾಲೂಕು ಕೋರ್ಟಿನಲ್ಲಿ ಕನ್ನಡದಲ್ಲೇ ಬರೆಯಬಹುದು, ನಾನೂ ಹಾಗೇ ಬರೆದೆ. ಮೊದಲ ಕರಡಿನಲ್ಲಿ ಎಲ್ಲ ಇತ್ತು. ಮಾಲೀಕರ ಮಗಳ ಮದುವೆಗೆ ರಾತ್ರಿಯೆಲ್ಲ ಕೂತು ಬ್ಲೌಸ್ ಹೊಲಿದುಕೊಟ್ಟದ್ದು, ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದು, ದುಡ್ಡಿಲ್ಲದೆ ನನ್ನ ಒಡವೆ ಅಡವಿಟ್ಟದ್ದು. ಸಮಿತಿಯ ವಕೀಲರು ಓದಿ ಪೆನ್ನು ತೆಗೆದರು. ಒಂದೊಂದೇ ಪ್ಯಾರಾ ಮೇಲೆ ಅಡ್ಡಗೆರೆ. "ಇದಕ್ಕೆ ಕಾಗದ ಇದೆಯಾ? ಇಲ್ಲ ಅಲ್ವಾ, ತೆಗೀರಿ. ಇದನ್ನ ಸಾಬೀತು ಮಾಡಿದ್ರೆ ದುಡ್ಡು ಬರುತ್ತಾ? ಇಲ್ಲ, ತೆಗೀರಿ." ಉಳಿದದ್ದು ಐದಾರು ಸಂಗತಿ. ಕರಾರು ಆಯಿತು, ಇಷ್ಟು ಹಣ ಕೊಟ್ಟೆ, ಇಂಥ ದಿನ ಖಾಲಿ ಮಾಡಿದೆ, ಕೀ ಕೊಟ್ಟೆ, ಹಣ ಕೇಳಿದೆ, ಕೊಡಲಿಲ್ಲ. ನನ್ನ ಸಂಕಟವೆಲ್ಲ ಆ ಗೆರೆಗಳ ಕೆಳಗೆ ಹೋಯಿತು. ಮನೆಗೆ ಬರುವವರೆಗೂ ಅವರ ಮೇಲೆ ಸಿಟ್ಟಿತ್ತು. ಮಾರನೇ ದಿನ ಓದಿದರೆ ಎಷ್ಟು ಗಟ್ಟಿಯಾಗಿದೆ ಅನ್ನಿಸಿತು.

ಆ ಐದಾರು ಸಂಗತಿಯ ಜೊತೆಗೆ ಕಾನೂನು ಕೇಳುವ ಕೆಲವು ಪ್ಯಾರಾಗಳಿವೆ. ವಾದ ಕಾರಣ, ಅಂದರೆ ದಾವೆ ಹೂಡಲು ಕಾರಣವಾದ ಸಂಗತಿ, ಯಾವಾಗ, ಎಲ್ಲಿ ಹುಟ್ಟಿತು. ಈ ಕೋರ್ಟಿಗೆ ವ್ಯಾಪ್ತಿ ಹೇಗೆ. ದಾವೆಯ ಮೌಲ್ಯ ಎಷ್ಟು, ಕಟ್ಟಿದ ಫೀ ಎಷ್ಟು. ಕೊನೆಗೆ ಏನು ಬೇಕು ಅನ್ನುವ ಪ್ರಾರ್ಥನೆ. ಇದರಲ್ಲಿ ಕೇಳದೆ ಬಿಟ್ಟದ್ದನ್ನು ಕೋರ್ಟ್ ತಾನಾಗಿ ಕೊಡುವುದಿಲ್ಲ ಅಂದುಕೊಂಡೇ ಬರೆಯಬೇಕು. ಖರ್ಚು, ಬಡ್ಡಿ ಎಲ್ಲ ಇಲ್ಲೇ ಕೇಳಬೇಕು. ಕೆಳಗೆ ಬರೆದದ್ದೆಲ್ಲ ನಿಜ ಅನ್ನುವ ಸತ್ಯಾಪನೆ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್), ದಾಖಲೆಗಳ ಪಟ್ಟಿ, ಎದುರುದಾರರಿಗೆ ಒಂದು ಪ್ರತಿ. ಕಾಲಮಿತಿಯ ಕಡೆಗೂ ಗಮನ ಇರಲಿ. ಕೊಡಬೇಕಾದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷ. ನಾಳೆ ಕೊಡ್ತಾರೆ, ನಾಡಿದ್ದು ಕೊಡ್ತಾರೆ ಅಂತ ಕಾದವರ ದಾವೆ ಈ ಒಂದೇ ಕಾರಣಕ್ಕೆ ಬಿದ್ದುಹೋಗುತ್ತದೆ.

ಕೋರ್ಟ್ ಫೀ ಕೇಳಿ ಎದೆ ಧಸಕ್ಕೆಂದಿತು. ಖಾಲಿ ಮಾಡಿ 17 ತಿಂಗಳಾಗಿತ್ತು. ವರ್ಷಕ್ಕೆ ಶೇಕಡ 12ರ ಬಡ್ಡಿ ಸೇರಿಸಿ ನಾನು ಕೇಳಿದ್ದು 1,75,500 ರೂಪಾಯಿ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯಲ್ಲಿ ಹಂತ ಹಂತದ ಲೆಕ್ಕ ಇದೆ. ನಾನು ದಾವೆ ಹಾಕಿದಾಗ 75,000ದವರೆಗೆ 4,875 ರೂಪಾಯಿ, ಅದರ ಮೇಲಿನದಕ್ಕೆ ಶೇಕಡ 7. ಒಟ್ಟು 11,910. ಗೆದ್ದರೆ ಎದುರುದಾರರಿಂದ ವಸೂಲಿ ಆಗುತ್ತದೆ, ಆದರೆ ಮೊದಲು ನಾವೇ ಕಟ್ಟಬೇಕು. ಸುಮ್ನೆ ಬಡ್ಡಿ ಜಾಸ್ತಿ ಹಾಕಿ ಹೆದರಿಸೋಣ ಅನ್ನುವವರು ಈ ಲೆಕ್ಕ ಮಾಡಿ ನೋಡಲಿ. ಕೇಳಿದ ಪ್ರತಿ ನೂರಕ್ಕೂ ಫೀ ಉಂಟು.

ಫೈಲಿಂಗ್ ಕೌಂಟರಿನಲ್ಲಿ "ವಕಾಲತ್ತು ಎಲ್ಲಿ?" ಅಂತ ಕೇಳಿದರು. ನಮ್ಮ ಪರ ನಿಲ್ಲಲು ವಕೀಲರಿಗೆ ಬರೆದುಕೊಡುವ ಕಾಗದ ಅದು. ಇಲ್ಲ, ನಾನೇ ಅಂದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಹಂಗಾದ್ರೆ ವಾದಿ ಖುದ್ದು ಅಂತ ಬರೀರಿ ತಾಯಿ" ಅಂದರು. ಆಮೇಲೆ ಆಕ್ಷೇಪಣೆಗಳು. ಪುಟ ಸಂಖ್ಯೆ ಇಲ್ಲ, ಒಂದು ಪ್ರತಿ ಮಸುಕಾಗಿದೆ, ಪ್ರತಿವಾದಿಯ ತಂದೆ ಹೆಸರು, ವಯಸ್ಸು ಬಿಟ್ಟುಹೋಗಿದೆ. ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು. ವಕೀಲರ ಕಾಗದಕ್ಕೂ ಇದೇ ಗತಿ. ಅವರಿಗೆ ಓಡಾಡಲು ಜೂನಿಯರ್‌ಗಳಿರುತ್ತಾರೆ, ನಮಗೆ ನಾವೇ. ಕೊನೆಗೆ ಒ.ಎಸ್. ನಂಬರ್, ಅಂದರೆ ದಾವೆಯ ಸಂಖ್ಯೆ ಬಿತ್ತು. ಅದರ ಜೊತೆ 16 ಅಕ್ಷರ, ಅಂಕಿಗಳ ಸಿಎನ್ಆರ್ ಸಂಖ್ಯೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಇವತ್ತು ಏನಾಯಿತು ಎಲ್ಲ ಫೋನಿನಲ್ಲೇ ಕಾಣುತ್ತದೆ. ವಕೀಲರಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಸಮನ್ಸ್ ವಿಚಾರ ಉದ್ದ ಹೇಳುವುದಿಲ್ಲ. ಸಮನ್ಸ್ ತಲುಪಿಸಲು ಕೋರ್ಟಿನ ಅಮೀನರು ಹೋದಾಗಲೆಲ್ಲ ಮಾಲೀಕರ ಮನೆಗೆ ಬೀಗ. ಮತ್ತೆ ಪ್ರೋಸೆಸ್ ಫೀ, ಮತ್ತೆ ಸಮನ್ಸ್. ಕೊನೆಗೆ ಬಾಗಿಲಿಗೆ ಅಂಟಿಸಿ ಬಂದ ಮೇಲೆ ಅವರ ವಕೀಲರು ವಕಾಲತ್ತು ಹಾಕಿದರು. ದಾವೆಗೆ ಉತ್ತರವಾಗಿ ಲಿಖಿತ ಹೇಳಿಕೆ ಕೊಡಲು 30 ದಿನ, ಕೋರ್ಟ್ ಬಿಟ್ಟುಕೊಟ್ಟರೆ 90 ದಿನ. ಅವರು 90 ಮುಗಿಯುವ ಹೊತ್ತಿಗೆ ಕೊಟ್ಟರು.

ಅದನ್ನು ಓದಿ ಮೈ ಉರಿದುಹೋಯಿತು. ಬಂದದ್ದು ಒಂದೇ ಲಕ್ಷವಂತೆ, ಐವತ್ತು ಸಾವಿರ ನಾನು ಕೊಟ್ಟೇ ಇಲ್ಲವಂತೆ. ಮೂರು ತಿಂಗಳ ಬಾಡಿಗೆ ಬಾಕಿಯಂತೆ. ನನ್ನ ಮೆಷಿನ್‌ಗಳಿಂದ ನೆಲದ ಟೈಲ್ಸ್ ಒಡೆದು ಅರವತ್ತು ಸಾವಿರ ಖರ್ಚಾಯಿತಂತೆ. ಮರುದಿನ ತಲೆ ತಣ್ಣಗಾದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರವತ್ತು ಸಾವಿರಕ್ಕೆ ಒಂದು ಬಿಲ್ಲೂ ಲಗತ್ತಿಸಿಲ್ಲ. ಆ ಹಣ ನನ್ನಿಂದ ಬರಬೇಕು ಅನ್ನುವುದಾದರೆ ಅದನ್ನು ಕ್ಲೈಮ್ ಮಾಡಿ ಕೋರ್ಟ್ ಫೀ ಕಟ್ಟಬೇಕು. ಅದನ್ನೂ ಮಾಡಿಲ್ಲ.

ಆಮೇಲೆ ನ್ಯಾಯಾಧೀಶರು ವಿವಾದಾಂಶಗಳನ್ನು ಬರೆಸಿದರು. ಇಡೀ ಕೇಸಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಹಾಳೆ. "1,50,000 ರೂಪಾಯಿ ಮುಂಗಡ ಕೊಟ್ಟಿದ್ದನ್ನು ವಾದಿಯು ರುಜುವಾತುಪಡಿಸುತ್ತಾರೆಯೇ?", "ಬಾಡಿಗೆ ಬಾಕಿ ಇದ್ದುದನ್ನು ಪ್ರತಿವಾದಿಯು ರುಜುವಾತುಪಡಿಸುತ್ತಾರೆಯೇ?" ಹೀಗೆ ಒಂದೊಂದು ಪ್ರಶ್ನೆ. ಯಾವುದನ್ನು ಯಾರು ಸಾಬೀತು ಮಾಡಬೇಕು ಅನ್ನುವುದು ಪ್ರಶ್ನೆಯಲ್ಲೇ ಇದೆ. ಅದನ್ನು ನಕಲು ಮಾಡಿ ಕಟಿಂಗ್ ಟೇಬಲ್ ಮೇಲೆ ಅಂಟಿಸಿದೆ. ಪ್ರತಿ ಪ್ರಶ್ನೆಯ ಪಕ್ಕ ನನ್ನ ಹತ್ತಿರ ಇರುವ ಕಾಗದ ಬರೆದೆ. ಪಕ್ಕ ಖಾಲಿ ಇರುವ ಪ್ರಶ್ನೆಗೆ ಕಾಗದ ಹುಡುಕುವುದು, ಪ್ರಶ್ನೆಯೇ ಇಲ್ಲದ ವಿಷಯಕ್ಕೆ ಬಾಯಿ ಬಿಡದಿರುವುದು. ನನಗೆ ಗೊತ್ತಾದ ವಕೀಲಿಕೆ ಇಷ್ಟೇ.

ನನ್ನ ಮುಖ್ಯ ವಿಚಾರಣೆಯನ್ನು, ಅಂದರೆ ನಾನು ಹೇಳಬೇಕಾದ ಸಾಕ್ಷಿಯನ್ನು, ಪ್ರಮಾಣಪತ್ರವಾಗಿ ಬರೆದು ಕೊಟ್ಟೆ. ಈಗ ಹಾಗೇ ಕೊಡುವುದು, ನಿಂತು ಕಥೆ ಹೇಳುವುದಿಲ್ಲ. ಒಂದೊಂದೇ ದಾಖಲೆಗೆ ನಿ.ಪಿ. 1, ನಿ.ಪಿ. 2 ಅಂತ ಗುರುತು ಹಾಕುತ್ತಾ ಬಂದರು. ಬಾಡಿಗೆ ಕರಾರಿನ ಸರದಿ ಬಂದಾಗ ಎದುರು ವಕೀಲರು ಎದ್ದು ನಿಂತರು. "ಸ್ವಾಮಿ, ಸ್ಟ್ಯಾಂಪ್ ಡ್ಯೂಟಿ ಸಾಲದು."

ನಮ್ಮ ಕಡೆ ಎಲ್ಲ ಕರಾರೂ ನೂರು ರೂಪಾಯಿ ಇ-ಸ್ಟ್ಯಾಂಪ್ ಮೇಲೇ ಆಗುವುದು. ಜೆರಾಕ್ಸ್ ಅಂಗಡಿಯವನು ಕೇಳುವುದೇ ಇಲ್ಲ, ನೂರರದ್ದು ಕೊಟ್ಟುಬಿಡುತ್ತಾನೆ. ಆದರೆ ಡ್ಯೂಟಿ ಲೆಕ್ಕ ಬಾಡಿಗೆ, ಅಡ್ವಾನ್ಸ್, ಅವಧಿ ಎಲ್ಲದರ ಮೇಲೆ ಬರುತ್ತದೆ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರ 34ನೇ ಕಲಮಿನ ಪ್ರಕಾರ ಕಡಿಮೆ ಬಿದ್ದ ಡ್ಯೂಟಿಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟದೆ ಅಂಥ ಕಾಗದವನ್ನು ಸಾಕ್ಷ್ಯಕ್ಕೆ ತೆಗೆದುಕೊಳ್ಳುವಂತಿಲ್ಲ. ಹತ್ತು ಪಟ್ಟಿಗಿಂತ ಕಮ್ಮಿ ಮಾಡುವ ಅಧಿಕಾರ ಕೋರ್ಟಿಗಿಲ್ಲ ಅಂತ 2018ರಲ್ಲಿ ಕರ್ನಾಟಕದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯಾಧೀಶರು ನನ್ನ ಕಡೆ ನೋಡಿ, "ಕಟ್ಟುತ್ತೀರೇನಮ್ಮ?" ಅಂದರು. ಐವತ್ತು ಸಾವಿರ ನಗದಿಗೆ ಇರುವ ಒಂದೇ ಸಾಕ್ಷಿ ಆ ಕರಾರು. ಕಟ್ಟುತ್ತೀನಿ ಸ್ವಾಮಿ ಅಂದೆ. ಕರಾರು ಮಾಡಿಸಿದ್ದು ಮಾಲೀಕರು, ಸ್ಟ್ಯಾಂಪ್ ತಂದದ್ದು ಅವರು, ದಂಡ ನನಗೆ! ದಾಖಲೆ ಯಾರಿಗೆ ಬೇಕೋ ಅವರು ಕಟ್ಟಬೇಕು, ಅಷ್ಟೇ.

ವಾಟ್ಸ್ಆ್ಯಪ್ ಮೆಸೇಜುಗಳ ಪ್ರಿಂಟ್‌ಗೆ ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕಿತ್ತು. ಯಾವ ಫೋನು, ಯಾರದ್ದು, ಹೇಗೆ ಪ್ರಿಂಟ್ ತೆಗೆದದ್ದು ಅಂತ ನಾನೇ ಬರೆದು ಸಹಿ ಹಾಕಿ ಕೊಟ್ಟೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನಲ್ಲಿ ನಮೂನೆ ಬೇರೆ, ಪರಿಣತರು ತುಂಬಬೇಕಾದ ಭಾಗವೂ ಇದೆ. ಈಗ ಹಾಕುವವರು ಹೊಸದನ್ನೇ ನೋಡಿಕೊಳ್ಳಿ.

ಇನ್ನು ಪಾಟೀ ಸವಾಲು, ಅಂದರೆ ಸಾಕ್ಷಿಗೆ ಎದುರು ಪಕ್ಷದವರು ಕೇಳುವ ಪ್ರಶ್ನೆಗಳು. ಕಟಕಟೆಯಲ್ಲಿ ನಿಂತಾಗ ಕಾಲು ನಡುಗಿದ್ದು ನಿಜ. ಎದುರು ವಕೀಲರು ವಯಸ್ಸಾದವರು, ಜೋರು ಮಾಡಲಿಲ್ಲ. ಮೆತ್ತಗೆ ಕೇಳಿದರು. "ನಗದು ಕೊಟ್ಟಿದ್ದಕ್ಕೆ ರಸೀದಿ ಇದೆಯಾ ಅಮ್ಮಾ?" ಬೇರೆ ರಸೀದಿ ಇಲ್ಲ ಸಾರ್, ಕರಾರಿನಲ್ಲೇ ಬರೆದಿದೆ. "ನೀವು ಕೊಟ್ಟೇ ಇಲ್ಲ, ಸುಳ್ಳು ಹೇಳ್ತಿದ್ದೀರಿ." ಇಲ್ಲ ಸಾರ್. ಪಕ್ಕದಲ್ಲಿ ಬೆರಳಚ್ಚುಗಾರರು ಟಪಟಪ ಅಂತ ಹೊಡೆದದ್ದು ಹೀಗೆ: "ನಾನು ಐವತ್ತು ಸಾವಿರ ರೂಪಾಯಿ ನಗದಾಗಿ ಕೊಟ್ಟಿಲ್ಲ ಎಂದರೆ ಸರಿಯಲ್ಲ." ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿಕೆ ಇದೇ ಧಾಟಿಯಲ್ಲಿ ಹೋಗುತ್ತದೆ. ಮೊದಲ ಸಲ ಓದುವವರಿಗೆ ನಾನು ಒಪ್ಪಿಕೊಂಡೆನೋ, ಅಲ್ಲಗಳೆದೆನೋ ತಲೆ ತಿರುಗುತ್ತದೆ. ಸಹಿ ಹಾಕುವ ಮೊದಲು ಕೊನೆಯ ಪದದವರೆಗೂ ಓದಬೇಕು. "ಸರಿ" ಮತ್ತು "ಸರಿಯಲ್ಲ" ಅದಲು ಬದಲಾದರೆ ಕೇಸೇ ಹೋಯಿತು. ನಾನು ಎಷ್ಟು ನಿಧಾನಕ್ಕೆ ಓದಿದೆ ಅಂದರೆ ಬೆಂಚ್ ಕ್ಲರ್ಕ್ "ಪರೀಕ್ಷೆಗೆ ಓದ್ತಿದ್ದೀರಾ ಅಮ್ಮಾ?" ಅಂದರು.

ಮಾಲೀಕರ ಸರದಿ 2020ರ ಮಾರ್ಚಿಗೆ ಬರಬೇಕಿತ್ತು. ಅಷ್ಟರಲ್ಲಿ ಲಾಕ್‌ಡೌನ್. ಫೋನಿನಲ್ಲಿ ತಾರೀಖು ಮುಂದಕ್ಕೆ ಹೋಗುವುದನ್ನು ನೋಡುತ್ತಾ ಮಾಸ್ಕ್ ಹೊಲಿದುಕೊಂಡು ಕೂತೆ. ಅವರು ಕಟಕಟೆಗೆ ಬಂದದ್ದು ಮುಂದಿನ ವರ್ಷ.

ಪಾಟೀ ಸವಾಲು ಮಾಡುವುದು ಉತ್ತರಿಸುವುದಕ್ಕಿಂತ ಕಷ್ಟ. ವರ್ಷಗಳಿಂದ ಮನಸ್ಸಲ್ಲಿ ಕೂಡಿಟ್ಟದ್ದೆಲ್ಲ ಬಾಯಿಗೆ ಬರುತ್ತದೆ. ನಾನು "ನಿಮ್ಮನ್ನ ಮನೆ ಹಿರಿಯರು ಅಂತ ನಂಬಿದ್ದೆ ಸಾರ್, ನೀವು..." ಅಂತ ಶುರು ಮಾಡಿದ ಕೂಡಲೇ ನ್ಯಾಯಾಧೀಶರು ಕೈ ಎತ್ತಿದರು. "ಪ್ರಶ್ನೆ ಕೇಳಿ ಅಮ್ಮಾ, ಭಾಷಣ ಬೇಡ." ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಬರೆದುಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಕಾಗದ ಹಿಡಿದು ಕೇಳುವಂಥವು.

ಕರಾರಿನ ಮೇಲಿನ ಸಹಿ ನಿಮ್ಮದೇ ಅಲ್ವಾ? ಹೌದು. ಓದಿ ಸಹಿ ಹಾಕಿದಿರಾ? ಹೌದು. ಅದರಲ್ಲಿ ಅಡ್ವಾನ್ಸ್ 1,50,000 ಮುಟ್ಟಿದೆ ಅಂತ ಇದೆಯಾ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಇದೆ. ಈ ಫೋನ್ ನಂಬರ್ ನಿಮ್ಮದಾ? ಹೌದು. "ಕೀ ಸಿಕ್ತು, ಅಡ್ವಾನ್ಸ್ ಮುಂದಿನ ತಿಂಗಳು ಕೊಡ್ತೀನಿ" ಅಂತ ಈ ನಂಬರಿನಿಂದ ಬಂದಿದೆಯಲ್ಲ? ನೆನಪಿಲ್ಲ. ನನ್ನ ನೋಟಿಸ್ ಮುಟ್ಟಿತಾ? ಇಲ್ಲ. ಎ.ಡಿ. ಕಾರ್ಡ್ ಕೊಟ್ಟು, ಇದು ಯಾರ ಸಹಿ ಅಂದೆ. ನನ್ನದೇ ಅಂದರು. ಟೈಲ್ಸ್ ರಿಪೇರಿಯ ಬಿಲ್ ಇದೆಯಾ? ಇದ್ದಿದ್ದರೆ ಲಿಖಿತ ಹೇಳಿಕೆ ಜೊತೆಗೇ ಕೊಡುತ್ತಿದ್ದರು, ಅದಕ್ಕೇ ಧೈರ್ಯವಾಗಿ ಕೇಳಿದ್ದು. ಇಲ್ಲ ಅಂದರು. ಇನ್ನೂ ಕೇಳಬೇಕು ಅನ್ನಿಸುತ್ತಿತ್ತು, ಯಾಕೆ ಹೀಗೆ ಮಾಡಿದಿರಿ ಅಂತ. ವಿವಾದಾಂಶದ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಮುಗಿಯಿತು ಸ್ವಾಮಿ ಅಂದು ಕೂತೆ.

ವಾದವನ್ನು ಬರೆದೇ ಕೊಟ್ಟೆ. 2021ರ ಕೊನೆಯಲ್ಲಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ನನ್ನ ಕಡೆ ಆಯಿತು. ಅಸಲು 1,50,000, ಶೇಕಡ 6ರ ಬಡ್ಡಿ, ಖರ್ಚು. ಕರಾರಿನಲ್ಲಿ ಬಡ್ಡಿ ಮಾತೇ ಇಲ್ಲದ್ದಕ್ಕೆ ಶೇಕಡ 12 ಸಿಗಲಿಲ್ಲ. ಖರ್ಚಿನಲ್ಲಿ ಕೋರ್ಟ್ ಫೀ ಬಂತು. ವಕೀಲರ ಫೀ ಇಲ್ಲ, ಯಾಕೆಂದರೆ ವಕೀಲರೇ ಇಲ್ಲ. ನಾನು ಅಂಗಡಿ ಬಾಗಿಲು ಹಾಕಿ ಕೋರ್ಟಿನ ಬೆಂಚಿನ ಮೇಲೆ ಕಳೆದ ದಿನಗಳಿಗೆ ಯಾವ ಕಲಮಿನಲ್ಲೂ ಬೆಲೆ ಇಲ್ಲ.

ಡಿಕ್ರಿ ಬಂದ ದಿನವೇ ಹಣ ಬರುತ್ತದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅದಕ್ಕೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಬೇರೆಯದೇ ಅಮಲ್ಜಾರಿ ಅರ್ಜಿ ಹಾಕಬೇಕು. ಎದುರುದಾರರ ಆಸ್ತಿ ಏನಿದೆ, ಎಲ್ಲಿದೆ ಅಂತ ಹುಡುಕಿ ಹೇಳುವ ಕೆಲಸವೂ ನಮ್ಮದೇ. ಇಲ್ಲಿ ನನ್ನ ಕೈ ಹಿಡಿದದ್ದು ಹಳೇ ಬಾಡಿಗೆ. ಪ್ರತಿ ತಿಂಗಳು ಅವರ ಖಾತೆಗೆ ನಾನೇ ಬಾಡಿಗೆ ಹಾಕುತ್ತಿದ್ದೆನಲ್ಲ, ಬ್ಯಾಂಕು, ಶಾಖೆ, ಖಾತೆ ನಂಬರ್ ಎಲ್ಲ ನನ್ನ ಪಾಸ್‌ಬುಕ್ಕಿನಲ್ಲೇ ಇತ್ತು. ಆ ಖಾತೆಯನ್ನು ಜಪ್ತಿ ಮಾಡಲು ಕೇಳಿದೆ. ಆದೇಶ ಬ್ಯಾಂಕಿಗೆ ತಲುಪಿದ ಮೇಲೆ ಇಷ್ಟು ವರ್ಷ ಎತ್ತದ ಫೋನಿನಿಂದ ನನಗೇ ಕರೆ ಬಂತು. "ಏನಮ್ಮಾ ಹಿಂಗೆ ಮಾಡ್ಬಿಟ್ಟೆ? ಮನೇಲಿ ಕೂತು ಮಾತಾಡಬಹುದಿತ್ತಲ್ಲ." ಕೋರ್ಟಿನಲ್ಲೇ ಕೊಟ್ಟುಬಿಡಿ ಸಾರ್ ಅಂದೆ. ಎರಡು ಕಂತಿನಲ್ಲಿ ಕೋರ್ಟಿಗೇ ಕಟ್ಟಿದರು. ಪೂರ್ತಿ ಸಂದಾಯವಾಗಿದೆ ಅಂತ ನಾನು ಮೆಮೊ ಕೊಟ್ಟೆ.

ಹಾಗಂತ ಎಲ್ಲರೂ ನನ್ನ ಹಾಗೇ ಮಾಡಿ ಅನ್ನಲಾರೆ. ನನ್ನದು ಸರಳ ಕೇಸು, ಒಬ್ಬರೇ ಎದುರುದಾರರು, ಕೈಯಲ್ಲಿ ಕಾಗದ ಇತ್ತು. ನಮ್ಮ ಬೀದಿಯ ಒಬ್ಬ ಅಣ್ಣ ನನ್ನನ್ನು ನೋಡಿ ತನ್ನ ತಂದೆಯ ಜಮೀನಿನ ಪಾಲು ಕೇಸನ್ನು ತಾನೇ ನಡೆಸುತ್ತೇನೆ ಅಂತ ಬಂದ. ಪಹಣಿ, ಮ್ಯುಟೇಷನ್, ವಿಲ್ಲು, ಐದಾರು ಜನ ದಾಯಾದಿಗಳು. ಕೈ ಮುಗಿದು ಕಾನೂನು ಸೇವಾ ಸಮಿತಿಯ ಕೋಣೆ ತೋರಿಸಿದೆ.

ಹೋದ ವರ್ಷ ಇನ್ನೊಂದು ಮಳಿಗೆ ಹಿಡಿದೆ. ಅಡ್ವಾನ್ಸ್ ಪೂರ್ತಿ ಬ್ಯಾಂಕಿನಿಂದಲೇ ಹಾಕಿದೆ. ಸ್ಟ್ಯಾಂಪ್ ಡ್ಯೂಟಿ ಎಷ್ಟು ಬೇಕೋ ಅಷ್ಟನ್ನೂ ಕಟ್ಟಿಸಿದೆ. ಅಡ್ವಾನ್ಸ್ ತಡ ಮಾಡಿದರೆ ಇಷ್ಟು ಬಡ್ಡಿ ಅಂತ ಒಂದು ಸಾಲು ಸೇರಿಸಿದೆ. ಹೊಸ ಮಾಲೀಕರು ಕರಾರು ಓದಿ ನಕ್ಕರು. "ಏನಮ್ಮಾ, ಈಗಲೇ ಕೋರ್ಟಿಗೆ ಹೋಗೋ ಹಾಗೆ ಬರೆಸಿದ್ದೀಯಲ್ಲ!" ನಾನೂ ನಕ್ಕು ಪೆನ್ನು ಕೊಟ್ಟೆ, ಪ್ರತಿ ಪುಟಕ್ಕೂ ಸಹಿ ಹಾಕಿ ಸಾರ್ ಅಂದೆ.